‘ಸಾಕು, ನಿಲ್ಲು’ ಎನ್ನುವ ಜೀನುಗಳು

ಕಬಡ್ಡಿ ಆಡುವಾಗ ಬಿದ್ದು ಮೊಣಕಾಲು ತರಚಿಕೊಳ್ಳದ ಮಕ್ಕಳು ಯಾರಿದ್ದಾರೆ? ಮೊದಲು ರಕ್ತ ಒಸರುತ್ತದೆ. ಅದು ಹೆಪ್ಪುಗಟ್ಟಿ ಹಕ್ಕಳೆಯಾಗುತ್ತದೆ. ಹಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ಬೆಳೆಯುತ್ತದೆ. ಒಂದೆರಡು ವಾರದಲ್ಲಿ ಹಕ್ಕಳೆ ಉದುರಿ ಗಾಯ ಮಾಯುತ್ತದೆ. ಇದು ನಿಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಗಾಯ ತುಂಬಿದ ಮೇಲೆ ಚರ್ಮ ಬೆಳೆಯುವುದನ್ನು ಏಕೆ ನಿಲ್ಲಿಸಿತು? ಬೆಳೆಯುತ್ತಲೇ ಹೋಗಿ ಮೊಣಕಾಲಿನ ಮೇಲೆ ಒಂದು ದೊಡ್ಡ ಗುಡ್ಡೆ ಏಕಾಗಲಿಲ್ಲ?

ಬೆಳೆಯುವುದು ಹೇಗೆ ದೇಹದ ಕೆಲಸವೋ, ಬೆಳವಣಿಗೆಯನ್ನು ಸರಿಯಾದ ಹೊತ್ತಿಗೆ ನಿಲ್ಲಿಸುವುದೂ ದೇಹದ ಕೆಲಸವೇ. ಅದಕ್ಕಾಗಿಯೇ ನಮ್ಮ ಪ್ರತಿ ಜೀವಕೋಶದಲ್ಲೂ ಕೆಲವು ಜೀನುಗಳಿವೆ. ಅವುಗಳನ್ನು ವಿಜ್ಞಾನಿಗಳು ‘ಗಡ್ಡೆ ನಿರೋಧಕ ಜೀನುಗಳು’ ಎಂದು ಕರೆಯುತ್ತಾರೆ. ಅವು ಸರಿಯಾಗಿದ್ದಾಗ ನಮಗೆ ಅವುಗಳ ಅರಿವೇ ಇರುವುದಿಲ್ಲ. ಅವು ಕೆಟ್ಟಾಗ ಬರುವ ರೋಗಗಳಲ್ಲಿ ಮುಖ್ಯವಾದುದು ಕ್ಯಾನ್ಸರ್. ಈ ಜೀನುಗಳ ಬಗ್ಗೆ ನಮಗೆ ಮೊದಲು ತಿಳಿಸಿಕೊಟ್ಟದ್ದು ಪುಟ್ಟ ಮಕ್ಕಳ ಕಣ್ಣುಗಳು. ಆ ಕಥೆಯನ್ನು ಈಗ ನೋಡೋಣ.

ಒಂದು ಕೋಶದಿಂದ ಲಕ್ಷ ಕೋಟಿಗೆ

ನಾವೆಲ್ಲರೂ ತಾಯಿಯ ಗರ್ಭದಲ್ಲಿ ಒಂದೇ ಒಂದು ಜೀವಕೋಶವಾಗಿ ಬದುಕು ಆರಂಭಿಸಿದವರು. ಆ ಒಂದು ಕೋಶ ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೆ ದುಪ್ಪಟ್ಟಾಗುತ್ತ ಹೋದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಮಾಡಿ. 10 ಸಲ ದುಪ್ಪಟ್ಟಾದರೆ 1,024. 20 ಸಲ ಆದರೆ 10 ಲಕ್ಷಕ್ಕೂ ಹೆಚ್ಚು. 30 ಸಲ ಆದರೆ 100 ಕೋಟಿಗೂ ಹೆಚ್ಚು. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಬರೀ ಲೆಕ್ಕದ ಪ್ರಕಾರ ಅಷ್ಟು ಕೋಶಗಳಾಗಲು 45 ಸಲ ದುಪ್ಪಟ್ಟಾದರೆ ಸಾಕು. ಇನ್ನೂ ಒಂದು ಸಲ ದುಪ್ಪಟ್ಟಾದರೆ ದೇಹ ಎರಡರಷ್ಟಾಗಬೇಕು! ಹಾಗಾಗುವುದಿಲ್ಲ, ಏಕೆಂದರೆ ಕೋಶಗಳು ಎಲ್ಲಿ, ಯಾವಾಗ ನಿಲ್ಲಬೇಕೆಂದು ತಿಳಿದಿವೆ.

ನಿಲ್ಲುವುದರಿಂದ ಇನ್ನೂ ಒಂದು ಉಪಯೋಗವಿದೆ. ಬರೀ ಇಟ್ಟಿಗೆ ಸುಡುತ್ತಲೇ ಇದ್ದರೆ ಮನೆ ಆಗುವುದಿಲ್ಲ. ಇಟ್ಟಿಗೆ ಸಾಕೆನಿಸಿದಾಗ ಭಟ್ಟಿ ಆರಿಸಿ ಗೋಡೆ ಕಟ್ಟಲು ಶುರುಮಾಡಬೇಕು. ಹಾಗೆಯೇ ವಿಭಜನೆ ನಿಲ್ಲಿಸಿದ ಕೋಶಗಳು ಒಂದೊಂದು ಕೆಲಸಕ್ಕೆ ತಯಾರಾಗುತ್ತವೆ. ಕೆಲವು ಸ್ನಾಯುವಿನ ಕೋಶಗಳಾಗುತ್ತವೆ, ಕೆಲವು ನರಕೋಶಗಳಾಗುತ್ತವೆ, ಕೆಲವು ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಾಗುತ್ತವೆ. ‘ಸಾಕು’ ಎನ್ನುವ ಸೂಚನೆ ಇಲ್ಲದಿದ್ದರೆ ಕಣ್ಣೂ ಇಲ್ಲ, ಮಿದುಳೂ ಇಲ್ಲ. ಕೋಶಗಳ ಒಂದು ಮುದ್ದೆ ಮಾತ್ರ.

ಒಂದು ಸೈಕಲ್, ಎರಡು ಬ್ರೇಕ್

ಸೈಕಲ್ ಉದಾಹರಣೆ ತೆಗೆದುಕೊಳ್ಳೋಣ. ಮುಂದೆ ಹೋಗಲು ಪೆಡಲ್ ತುಳಿಯುತ್ತೇವೆ. ನಿಲ್ಲಿಸಲು ಬ್ರೇಕ್ ಹಿಡಿಯುತ್ತೇವೆ. ಜೀವಕೋಶದಲ್ಲೂ ಹೀಗೆಯೇ. ಕೆಲವು ಜೀನುಗಳು ‘ವಿಭಜನೆಯಾಗು’ ಎಂದು ತುಳಿಯುತ್ತವೆ. ಗಡ್ಡೆ ನಿರೋಧಕ ಜೀನುಗಳು ಬ್ರೇಕಿನಂತೆ ಹಿಡಿಯುತ್ತವೆ.

ಸೈಕಲ್ಲಿಗೆ ಬ್ರೇಕ್ ಎಷ್ಟು? ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು. ಒಂದರ ತಂತಿ ತುಂಡಾದರೂ ಇನ್ನೊಂದರಿಂದ ನಿಲ್ಲಿಸಬಹುದು. ನಮ್ಮ ಜೀನುಗಳೂ ಹೆಚ್ಚಾಗಿ ಜೋಡಿಯಾಗಿಯೇ ಇರುತ್ತವೆ. ನಮ್ಮ ಕೋಶಗಳಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಆದ್ದರಿಂದ ಒಂದು ಬ್ರೇಕ್ ಜೀನಿಗೆ ಎರಡು ಪ್ರತಿಗಳು. ಒಂದು ಪ್ರತಿ ಕೆಟ್ಟರೂ ಸಾಮಾನ್ಯವಾಗಿ ಕೋಶ ಹದ್ದುಮೀರುವುದಿಲ್ಲ. ಇನ್ನೊಂದು ಪ್ರತಿ ಹಿಡಿದು ನಿಲ್ಲಿಸುತ್ತದೆ. ಒಂದೇ ಕೋಶದಲ್ಲಿ ಎರಡೂ ಪ್ರತಿಗಳು ಕೆಟ್ಟರೆ ಅಪಾಯ.

ಜೀನ್ ಕೆಡುವುದಾದರೂ ಹೇಗೆ? ಕೋಶ ವಿಭಜನೆಯಾಗುವಾಗಲೆಲ್ಲ ತನ್ನೊಳಗಿನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಬೇಕು. ಅದರಲ್ಲಿ ಸುಮಾರು 600 ಕೋಟಿ ‘ಅಕ್ಷರ’ಗಳಿವೆ. ಕಾಪಿ ಬರೆಯುವಾಗ ನಿಮ್ಮಿಂದ ಒಂದೆರಡು ಅಕ್ಷರ ತಪ್ಪುವುದಿಲ್ಲವೇ? ಹಾಗೆಯೇ ಇಲ್ಲೂ ತಪ್ಪುಗಳಾಗುತ್ತವೆ. ಹೆಚ್ಚಿನವನ್ನು ಕೋಶವೇ ತಿದ್ದಿಕೊಳ್ಳುತ್ತದೆ. ಅಪರೂಪಕ್ಕೆ ಒಂದು ತಪ್ಪು ಉಳಿದುಬಿಡುತ್ತದೆ. ಅದು ಬ್ರೇಕ್ ಜೀನಿನಲ್ಲೇ ಆಗಿದ್ದರೆ ಆ ಪ್ರತಿ ಕೆಲಸಕ್ಕೆ ಬಾರದಂತಾಗುತ್ತದೆ.

ಮಕ್ಕಳ ಕಣ್ಣು ಹೇಳಿದ ಕಥೆ

ನಮ್ಮ ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲ ಅಥವಾ ರೆಟಿನಾ ಎಂಬ ತೆಳುವಾದ ಪದರವಿದೆ. ನೋಡಿದ ವಸ್ತುವಿನ ಬಿಂಬ ಮೂಡುವುದು ಅಲ್ಲಿಯೇ. ಅಪರೂಪಕ್ಕೆ ಚಿಕ್ಕ ಮಕ್ಕಳ ಈ ಪದರದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯುತ್ತದೆ. ಇದಕ್ಕೆ ರೆಟಿನೋಬ್ಲಾಸ್ಟೋಮ ಎಂದು ಹೆಸರು. ಹುಟ್ಟುವ ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಬಹುಪಾಲು ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ.

ಈ ರೋಗದಲ್ಲಿ ಒಂದು ವಿಚಿತ್ರವಿತ್ತು. ಕೆಲವು ಮಕ್ಕಳಿಗೆ ಎರಡೂ ಕಣ್ಣುಗಳಲ್ಲಿ ಗಡ್ಡೆ ಆಗುತ್ತಿತ್ತು. ಅಂಥವರಲ್ಲಿ ರೋಗ ತೀರ ಎಳೆಯ ವಯಸ್ಸಿನಲ್ಲೇ ಕಾಣಿಸುತ್ತಿತ್ತು. ಕೆಲವೊಮ್ಮೆ ಅವರ ತಂದೆಗೋ ತಾಯಿಗೋ ಇದೇ ರೋಗ ಬಂದಿರುತ್ತಿತ್ತು. ಇನ್ನು ಕೆಲವರಿಗೆ ಒಂದೇ ಕಣ್ಣಿನಲ್ಲಿ, ಒಂದೇ ಗಡ್ಡೆ. ಅದೂ ಸ್ವಲ್ಪ ತಡವಾಗಿ. ಮನೆಯಲ್ಲಿ ಬೇರೆ ಯಾರಿಗೂ ರೋಗ ಬಂದಿರುತ್ತಿರಲಿಲ್ಲ. ಒಂದೇ ರೋಗ ಎರಡು ರೀತಿಯಲ್ಲಿ ಬರುವುದೇಕೆ?

ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿದ್ದ ಆಲ್ಫ್ರೆಡ್ ನುಡ್ಸನ್ ಎಂಬ ವೈದ್ಯ ವಿಜ್ಞಾನಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1944ರಿಂದ 1969ರವರೆಗೆ ಆ ಆಸ್ಪತ್ರೆಗೆ ಬಂದಿದ್ದ 48 ಮಕ್ಕಳ ದಾಖಲೆಗಳನ್ನು ತೆಗೆದು ನೋಡಿದರು. ಯಾವ ಮಗುವಿಗೆ ಯಾವ ವಯಸ್ಸಿನಲ್ಲಿ ರೋಗ ಪತ್ತೆಯಾಯಿತು ಎಂದು ಪಟ್ಟಿ ಮಾಡಿ ನಕ್ಷೆ ಬರೆದರು. ಎರಡೂ ಕಣ್ಣಿಗೆ ರೋಗ ಬಂದ ಮಕ್ಕಳ ನಕ್ಷೆ, ಒಂದೇ ಒಂದು ಪೆಟ್ಟಿನಿಂದ ರೋಗ ಶುರುವಾದರೆ ಹೇಗಿರಬೇಕೋ ಹಾಗಿತ್ತು. ಒಂದು ಕಣ್ಣಿಗೆ ಮಾತ್ರ ಬಂದವರ ನಕ್ಷೆ, ಎರಡು ಪೆಟ್ಟು ಬಿದ್ದ ಮೇಲೆ ರೋಗ ಶುರುವಾದರೆ ಹೇಗಿರಬೇಕೋ ಹಾಗಿತ್ತು. 1971ರಲ್ಲಿ ಅವರು ತಮ್ಮ ವಿಚಾರವನ್ನು ಪ್ರಕಟಿಸಿದರು. ಅದೇ ಪ್ರಸಿದ್ಧವಾದ ‘ಎರಡು ಪೆಟ್ಟಿನ ಸಿದ್ಧಾಂತ’.

ನಮ್ಮ ಸೈಕಲ್ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಮೊದಲನೆಯ ಗುಂಪಿನ ಮಕ್ಕಳು ಹುಟ್ಟುವಾಗಲೇ ಅವರ ಪ್ರತಿ ಕೋಶದಲ್ಲೂ ಒಂದು ಬ್ರೇಕ್ ಕೆಟ್ಟಿರುತ್ತದೆ. ಎಲ್ಲೋ ಒಂದು ಕೋಶದಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಸಾಕು. ಎರಡನೆಯ ಗುಂಪಿನ ಮಕ್ಕಳು ಎರಡೂ ಸರಿಯಾದ ಬ್ರೇಕಿನೊಂದಿಗೆ ಹುಟ್ಟಿದವರು. ಅವರಲ್ಲಿ ಒಂದೇ ಕೋಶದ ಎರಡೂ ಬ್ರೇಕುಗಳು ಒಂದಾದ ಮೇಲೊಂದರಂತೆ ಕೆಡಬೇಕು. ಹಾಗಾಗುವುದು ಬಹಳ ಅಪರೂಪ.

ನುಡ್ಸನ್ ಇದನ್ನು ಹೇಳಿದಾಗ ಆ ಜೀನನ್ನು ಯಾರೂ ಕಂಡಿರಲಿಲ್ಲ. ಅವರ ಬಳಿ ಇದ್ದದ್ದು ವಯಸ್ಸಿನ ಪಟ್ಟಿ, ಕಾಗದ ಮತ್ತು ಲೆಕ್ಕ. 15 ವರ್ಷಗಳ ನಂತರ, 1986ರಲ್ಲಿ, ಅಮೆರಿಕದ ಥಡ್ಡಿಯಸ್ ಡ್ರೈಜಾ, ಸ್ಟೀಫನ್ ಫ್ರೆಂಡ್, ರಾಬರ್ಟ್ ವೈನ್‌ಬರ್ಗ್ ಮತ್ತು ಅವರ ಸಂಗಡಿಗರು ಆ ಜೀನನ್ನು 13ನೆಯ ವರ್ಣತಂತುವಿನಲ್ಲಿ ಗುರುತಿಸಿ ಬೇರ್ಪಡಿಸಿದರು. ಅದಕ್ಕೆ ‘ಆರ್‌ಬಿ’ ಎಂದು ಹೆಸರಾಯಿತು. ಗಡ್ಡೆಯ ಕೋಶಗಳಲ್ಲಿ ಈ ಜೀನಿನ ಪ್ರತಿಗಳು ಕೆಟ್ಟಿದ್ದವು, ಇಲ್ಲವೆ ಕಾಣೆಯಾಗಿದ್ದವು. ನುಡ್ಸನ್ ಅವರ ಲೆಕ್ಕ ಸರಿಯಾಗಿತ್ತು!

ಮಾಡಿ ನೋಡಿ: ದಾಳದ ಆಟ

ಈ ಲೆಕ್ಕವನ್ನು ನೀವೂ ತರಗತಿಯಲ್ಲಿ ಪರೀಕ್ಷಿಸಬಹುದು. ಹಾವು-ಏಣಿ ಆಟದ ಕೆಲವು ದಾಳಗಳು ಬೇಕು. ಒಂದು ದಾಳವೆಂದರೆ ಜೀನಿನ ಒಂದು ಪ್ರತಿ. ದಾಳದಲ್ಲಿ ‘6’ ಬಿದ್ದರೆ ಆ ಪ್ರತಿ ಕೆಟ್ಟಿತು ಎಂದು ಅರ್ಥ. ಒಂದೊಂದು ಎಸೆತವೂ ಒಂದೊಂದು ಕೋಶ.

‘ಅ’ ಗುಂಪಿನವರಿಗೆ ಒಂದೇ ದಾಳ ಕೊಡಿ. ಇವರ ಇನ್ನೊಂದು ಪ್ರತಿ ಹುಟ್ಟುವಾಗಲೇ ಕೆಟ್ಟಿದೆ ಎಂದು ತಿಳಿಯಿರಿ. ‘6’ ಬೀಳುವವರೆಗೆ ಎಷ್ಟು ಸಲ ಎಸೆಯಬೇಕಾಯಿತು ಎಂದು ಬರೆದುಕೊಳ್ಳಲಿ. ‘ಆ’ ಗುಂಪಿನವರಿಗೆ ಎರಡು ದಾಳ ಕೊಡಿ. ಎರಡನ್ನೂ ಒಟ್ಟಿಗೆ ಎಸೆಯಲಿ. ಎರಡರಲ್ಲೂ ಒಮ್ಮೆಗೇ ‘6’ ಬೀಳುವವರೆಗೆ ಎಸೆತಗಳನ್ನು ಎಣಿಸಲಿ. ಹತ್ತಾರು ಸಲ ಆಡಿ ಸರಾಸರಿ ತೆಗೆಯಿರಿ. ‘ಅ’ ಗುಂಪಿನ ಸರಾಸರಿ 6ರ ಹತ್ತಿರ ಬರುತ್ತದೆ. ‘ಆ’ ಗುಂಪಿನದು 36ರ ಹತ್ತಿರ ಬರುತ್ತದೆ.

ದಾಳಕ್ಕೆ ಆರೇ ಮುಖಗಳು. ನಿಜವಾದ ಕೋಶದಲ್ಲಿ ಒಂದು ಪ್ರತಿ ಕೆಡುವ ಸಂಭವ ಇದಕ್ಕಿಂತ ಎಷ್ಟೋ ಕಡಿಮೆ. ಮುಖಗಳು ಹೆಚ್ಚಾದಷ್ಟೂ ಎರಡು ಗುಂಪುಗಳ ನಡುವಿನ ಅಂತರ ಹಿಗ್ಗುತ್ತದೆ. 100 ಮುಖಗಳ ದಾಳವಿದ್ದರೆ ಎರಡು ಸರಾಸರಿಗಳು ಎಷ್ಟಾಗುತ್ತವೆ? ಯೋಚಿಸಿ.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ?

ಆರ್‌ಬಿ ಜೀನಿನ ಸೂಚನೆಯಂತೆ ಕೋಶದಲ್ಲಿ ಒಂದು ಪ್ರೋಟೀನು ತಯಾರಾಗುತ್ತದೆ. ಕೋಶ ವಿಭಜನೆಯಾಗಬೇಕಾದರೆ ಇ2ಎಫ್ ಎಂಬ ಇನ್ನೊಂದು ಪ್ರೋಟೀನು ಕೆಲವು ಜೀನುಗಳನ್ನು ಎಚ್ಚರಿಸಬೇಕು. ಆರ್‌ಬಿ ಪ್ರೋಟೀನು ಈ ಇ2ಎಫ್ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದು ರೈಲ್ವೆ ಗೇಟಿನಂತೆ. ಗೇಟು ಹಾಕಿರುವವರೆಗೆ ಯಾರೂ ದಾಟುವಂತಿಲ್ಲ. ಬೆಳವಣಿಗೆ ಬೇಕಾದಾಗ ದೇಹದಿಂದ ಸಂದೇಶ ಬರುತ್ತದೆ. ಆಗ ಕೆಲವು ಕಿಣ್ವಗಳು ಆರ್‌ಬಿ ಪ್ರೋಟೀನಿಗೆ ಫಾಸ್ಫೇಟ್ ಎಂಬ ತುಣುಕುಗಳನ್ನು ಅಂಟಿಸುತ್ತವೆ. ಅದರ ಹಿಡಿತ ಸಡಿಲವಾಗುತ್ತದೆ. ಗೇಟು ತೆರೆಯುತ್ತದೆ, ಕೋಶ ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಗೇಟು ಮತ್ತೆ ಮುಚ್ಚುತ್ತದೆ. ಆರ್‌ಬಿ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಗೇಟೇ ಇಲ್ಲ!

ಈ ಜೀನು ಇರುವುದು ಕ್ಯಾನ್ಸರ್ ತಡೆಯಲು ಮಾತ್ರ ಎಂದು ತಿಳಿಯಬೇಡಿ. 1992ರಲ್ಲಿ ವಿಜ್ಞಾನಿಗಳು ಆರ್‌ಬಿ ಜೀನಿನ ಎರಡೂ ಪ್ರತಿಗಳಿಲ್ಲದ ಇಲಿಗಳನ್ನು ಪಡೆಯಲು ಪ್ರಯತ್ನಿಸಿದರು. ಆದರೆ ಆ ಮರಿಗಳು ಹುಟ್ಟಲೇ ಇಲ್ಲ. ಗರ್ಭದಲ್ಲೇ ಸತ್ತವು. ಅವುಗಳ ಕೆಂಪು ರಕ್ತಕಣಗಳು ಮತ್ತು ನರಕೋಶಗಳು ಸರಿಯಾಗಿ ಬಲಿತಿರಲಿಲ್ಲ. ಅಂದರೆ ಶಿಶು ರೂಪುಗೊಳ್ಳುವಾಗಲೇ ಈ ಬ್ರೇಕ್ ಬೇಕು. ದೇಹವನ್ನು ಕಟ್ಟುವ ಜೀನೇ ಮುಂದೆ ದೇಹವನ್ನು ಕಾಯುತ್ತದೆ.

ಕಾವಲುಗಾರ ಪಿ53

ಇಂಥ ಇನ್ನೂ ಅನೇಕ ಜೀನುಗಳು ಈಗ ತಿಳಿದಿವೆ. ಅವುಗಳಲ್ಲಿ ಹೆಸರುವಾಸಿಯಾದುದು ಪಿ53. ಇದರ ಪ್ರೋಟೀನು 1979ರಲ್ಲಿ ಪತ್ತೆಯಾಯಿತು. ಇದು ಗಡ್ಡೆಯನ್ನು ತಡೆಯುವ ಜೀನು ಎಂಬುದು ಸ್ಪಷ್ಟವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಚ್ಚೆತ್ತುಕೊಳ್ಳುತ್ತದೆ. ‘ಮೊದಲು ದುರಸ್ತಿ ಮಾಡು, ಆಮೇಲೆ ವಿಭಜನೆಯಾಗು’ ಎಂದು ಕೋಶವನ್ನು ತಡೆಯುತ್ತದೆ. ದುರಸ್ತಿ ಸಾಧ್ಯವಿಲ್ಲದಷ್ಟು ಕೆಟ್ಟಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಒಂದು ಕೊಳೆತ ಹಣ್ಣನ್ನು ಬುಟ್ಟಿಯಿಂದ ತೆಗೆದು ಬಿಸಾಡಿದಂತೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಜೀನು ಕೆಟ್ಟಿರುತ್ತದೆ.

ಹುಟ್ಟಿನಿಂದ ಬರುವ ಪೆಟ್ಟು ನಮ್ಮ ಕೈಯಲ್ಲಿಲ್ಲ. ನಕಲು ಮಾಡುವಾಗ ಆಗುವ ತಪ್ಪೂ ನಮ್ಮ ಕೈಯಲ್ಲಿಲ್ಲ. ಆದರೆ ಕೆಲವು ಪೆಟ್ಟುಗಳನ್ನು ನಾವೇ ತಂದುಕೊಳ್ಳುತ್ತೇವೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಬೆನ್ಜೋಪೈರೀನ್ ಎಂಬ ರಾಸಾಯನಿಕ ಪಿ53 ಜೀನಿನ ಕೆಲವು ನಿರ್ದಿಷ್ಟ ಜಾಗಗಳಿಗೇ ಹೋಗಿ ಅಂಟುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ಜೀನು ಹೆಚ್ಚಾಗಿ ಕೆಟ್ಟಿರುವುದೂ ಅದೇ ಜಾಗಗಳಲ್ಲಿ ಎಂದು 1996ರಲ್ಲಿ ತಿಳಿದುಬಂತು. ಹೊಗೆಸೊಪ್ಪು ಮತ್ತು ಗುಟ್ಕಾ ಅಗಿಯುವವರ ಬಾಯಿಯ ಕೋಶಗಳಿಗೂ ಇಂಥ ಪೆಟ್ಟು ದಿನವೂ ಬೀಳುತ್ತಿರುತ್ತದೆ. ಈ ಪೆಟ್ಟು ತಪ್ಪಿಸುವುದು ನಮ್ಮ ಕೈಯಲ್ಲಿದೆ.

ನಿಮಗೆ ಗೊತ್ತೆ?

ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿವೆ. ಆದ್ದರಿಂದ ಆನೆಗಳಿಗೆ ಕ್ಯಾನ್ಸರ್ ಹೆಚ್ಚು ಬರಬೇಕಲ್ಲವೇ? ಆದರೆ ಮನುಷ್ಯರಿಗಿಂತ ಕಡಿಮೆ ಬರುತ್ತದೆ. 2015ರಲ್ಲಿ ಇದಕ್ಕೊಂದು ಕಾರಣ ಸಿಕ್ಕಿತು. ನಮ್ಮಲ್ಲಿ ಪಿ53 ಜೀನು ಒಂದು ಜೊತೆ ಇದ್ದರೆ ಆನೆಗಳಲ್ಲಿ ಸುಮಾರು 20 ಜೊತೆಗಳಿವೆ! ಡಿಎನ್‌ಎಗೆ ಪೆಟ್ಟು ಬಿದ್ದ ಆನೆಯ ಕೋಶಗಳು ನಮ್ಮ ಕೋಶಗಳಿಗಿಂತ ಬೇಗ ಸಾಯುತ್ತವೆ. ಹಾಗಾಗಿ ಕೆಟ್ಟ ಕೋಶ ಉಳಿದು ಬೆಳೆಯುವ ಸಂಭವ ಕಡಿಮೆ.

ಕಣ್ಣಿನಲ್ಲಿ ಬಿಳಿ ಹೊಳಪು ಕಂಡರೆ

ಈಗ ಮತ್ತೆ ಮಕ್ಕಳ ಕಣ್ಣಿಗೆ ಬರೋಣ. ಇದು ನಿಮಗೂ ನಿಮ್ಮ ಮನೆಯವರಿಗೂ ಬೇಕಾದ ವಿಷಯ. ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಕಣ್ಣಿನ ಪಾಪೆ ಕೆಲವೊಮ್ಮೆ ಕೆಂಪಾಗಿ ಕಾಣುವುದನ್ನು ನೋಡಿದ್ದೀರಿ. ಕಣ್ಣಿನ ಹಿಂಭಾಗದಲ್ಲಿ ರಕ್ತನಾಳಗಳು ತುಂಬಿರುವುದರಿಂದ ಹಾಗೆ ಕಾಣುತ್ತದೆ. ಅಲ್ಲಿ ಗಡ್ಡೆಯಿದ್ದರೆ ಬೆಳಕು ಅದಕ್ಕೆ ತಾಗಿ ವಾಪಸಾಗುತ್ತದೆ. ಆಗ ಪಾಪೆ ಬೆಳ್ಳಗೆ, ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆದಂತೆ ಕಾಣುತ್ತದೆ. ಈ ರೋಗದಲ್ಲಿ ಹೆಚ್ಚಾಗಿ ಮೊದಲು ಕಾಣುವ ಗುರುತು ಇದೇ. ಕೆಲವು ಮಕ್ಕಳಲ್ಲಿ ಮೆಳ್ಳೆಗಣ್ಣು ಮೊದಲ ಗುರುತಾಗಿರಬಹುದು. ಆರಂಭದಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ. ಮಗು ಆಡಿಕೊಂಡಿರುತ್ತದೆ. ಆದ್ದರಿಂದಲೇ ಮನೆಯವರು ‘ನೋಡೋಣ’ ಎಂದು ತಿಂಗಳುಗಟ್ಟಲೆ ಕಳೆದುಬಿಡುತ್ತಾರೆ.

ಬಿಳಿ ಹೊಳಪು ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಹುಟ್ಟಿನಿಂದ ಬಂದ ಪೊರೆ ಇರಬಹುದು, ಬೇರೆ ತೊಂದರೆ ಇರಬಹುದು. ಕೆಲವೊಮ್ಮೆ ಫೋಟೊ ತೆಗೆದ ಕೋನದಿಂದಲೂ ಹಾಗೆ ಕಾಣಬಹುದು. ಯಾವುದೆಂದು ಹೇಳಬೇಕಾದವರು ಕಣ್ಣಿನ ವೈದ್ಯರು. ಪೊರೆಯಾಗಿದ್ದರೂ ಬೇಗ ಚಿಕಿತ್ಸೆ ಬೇಕು. ಆದ್ದರಿಂದ ನಿಮ್ಮ ಮನೆಯ ತಂಗಿ ತಮ್ಮಂದಿರಲ್ಲೋ ಅಕ್ಕಪಕ್ಕದ ಕೂಸುಗಳಲ್ಲೋ ಇಂಥ ಹೊಳಪು ಕಂಡರೆ ಅಪ್ಪ ಅಮ್ಮನಿಗೆ, ಮೇಷ್ಟರಿಗೆ ಅಥವಾ ಟೀಚರಿಗೆ, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಅಂದೇ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿಕೊಡುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಮಿಂಟೊ ಕಣ್ಣಿನ ಆಸ್ಪತ್ರೆ ಮತ್ತು ಕಿದ್ವಾಯಿ ಆಸ್ಪತ್ರೆಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ, ಅಂಗನವಾಡಿಗೆ ಬಂದಾಗಲೂ ತೋರಿಸಬಹುದು. ಆದರೆ ತಂಡ ಬರಲಿ ಎಂದು ಕಾಯಬೇಡಿ.

ಕಣ್ಣಿಗೆ ಸೊಪ್ಪಿನ ರಸ, ಜೇನು, ಎದೆಹಾಲು ಯಾವುದನ್ನೂ ಹಾಕಬಾರದು. ಅದರಿಂದ ಗಡ್ಡೆ ಕರಗುವುದಿಲ್ಲ, ಕಳೆಯುವ ದಿನಗಳು ಮಾತ್ರ ಗಡ್ಡೆಗೆ ಲಾಭ. ಬೇಗ ಪತ್ತೆಯಾದರೆ ಲೇಸರ್, ಶೈತ್ಯ ಚಿಕಿತ್ಸೆ ಮತ್ತು ಔಷಧಿಗಳಿಂದ ಅನೇಕ ಸಲ ಕಣ್ಣನ್ನೂ ದೃಷ್ಟಿಯನ್ನೂ ಉಳಿಸಬಹುದು. ತಡವಾದರೆ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾಗುತ್ತದೆ. ಇನ್ನೂ ತಡವಾದರೆ ರೋಗ ಮಿದುಳಿಗೆ ಹರಡುತ್ತದೆ. ರೋಗ ಬೇಗ ಪತ್ತೆಯಾಗುವ ಶ್ರೀಮಂತ ದೇಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳು ಬದುಕಿ ಉಳಿಯುತ್ತಾರೆ. ನಮ್ಮಲ್ಲಿ ಅಷ್ಟು ಉಳಿಯದಿರಲು ದೊಡ್ಡ ಕಾರಣ ತಡವಾಗಿ ಬರುವುದು.

ಇಂಥ ಮಗು ಇರುವ ಮನೆಯಲ್ಲಿ ‘ದೃಷ್ಟಿಯಾಗಿದೆ’, ‘ಬಸುರಿಯಾಗಿದ್ದಾಗ ಗ್ರಹಣ ನೋಡಿದಳು’ ಎಂದು ತಾಯಿಯನ್ನು ದೂರುವವರಿದ್ದಾರೆ. ಅದು ತಪ್ಪು. ಕೆಟ್ಟ ಪ್ರತಿಯೊಂದಿಗೆ ಹುಟ್ಟಿದ ಹೆಚ್ಚಿನ ಮಕ್ಕಳ ತಂದೆತಾಯಿಯರಲ್ಲಿ ಆ ರೋಗವೇ ಇರುವುದಿಲ್ಲ. ಜೀನ್ ನಕಲಾಗುವಾಗ ಆದ ತಪ್ಪಿಗೆ ಯಾರೂ ಹೊಣೆಯಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಈ ರೋಗ ಬಂದಿದ್ದರೆ ಒಡಹುಟ್ಟಿದವರ ಕಣ್ಣುಗಳನ್ನೂ ಪರೀಕ್ಷೆ ಮಾಡಿಸಬೇಕು. ಜೀನ್ ಪರೀಕ್ಷೆಯಿಂದ ಯಾರಿಗೆ ಅಪಾಯವಿದೆ, ಯಾರಿಗಿಲ್ಲ ಎಂದು ತಿಳಿಯಬಹುದು. ಹುಟ್ಟಿನಿಂದಲೇ ಕೆಟ್ಟ ಪ್ರತಿ ಇರುವವರು ಗುಣವಾದ ಮೇಲೂ ಆಗಾಗ ವೈದ್ಯರಿಗೆ ತೋರಿಸುತ್ತಿರಬೇಕು, ಏಕೆಂದರೆ ಅವರ ಬೇರೆ ಅಂಗಗಳಲ್ಲೂ ಒಂದೇ ಬ್ರೇಕ್ ಇದೆ.

ಇನ್ನೊಂದು ಮಾತು. ಕ್ಯಾನ್ಸರ್ ಅಂಟುರೋಗವಲ್ಲ. ಕೆಟ್ಟದ್ದು ಆ ಮಗುವಿನ ಸ್ವಂತ ಕೋಶದ ಜೀನು. ಅದು ಪಕ್ಕದಲ್ಲಿ ಕುಳಿತವರಿಗೆ ಹಾರಿಬರುವುದಿಲ್ಲ. ಚಿಕಿತ್ಸೆ ಮುಗಿಸಿ ಕೃತಕ ಕಣ್ಣಿನೊಂದಿಗೆ ಶಾಲೆಗೆ ಬಂದ ಗೆಳೆಯನ ಜೊತೆ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಿ, ಬಿಸಿಯೂಟ ಮಾಡಿ, ಆಟ ಆಡಿ. ಅವನಿಗೆ ಕಾಣದ ಬದಿಯಲ್ಲಿ ಚೆಂಡು ಬಂದಾಗ ಕೂಗಿ ಹೇಳಿ, ಅಷ್ಟೇ.